ಮರದ ಗುರಿಯಿಂದ ಸರಪಳಿಯ ಬುಟ್ಟಿಗೆ: ಡಿಸ್ಕ್ ಗಾಲ್ಫ್ ಕೋರ್ಸ್‌ಗಳು ರೂಪುಗೊಂಡ ಬಗೆ

ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿ ಬಂದ ಗದಗ, ಧಾರವಾಡ ಕಡೆಯ ಹಿರಿಯರು ಅಲ್ಲಿನ ಉದ್ಯಾನಗಳಲ್ಲಿ ಬೆಳಗಿನ ವಾಕಿಂಗ್‌ಗೆ ಹೋದಾಗ ಒಂದು ಸಾಮಾನನ್ನು ನೋಡಿಯೇ ಇರುತ್ತಾರೆ. ನೆಲಕ್ಕೆ ನೆಟ್ಟ ಕಬ್ಬಿಣದ ಕಂಬ, ಅದರ ನಡುವಿಗೆ ಒಂದು ತಂತಿಬುಟ್ಟಿ, ಮೇಲಿನ ಬಳೆಯಿಂದ ಬುಟ್ಟಿಯತ್ತ ಇಳಿಬಿಟ್ಟ ಸರಪಳಿಗಳು. ಅದು ಡಿಸ್ಕ್ ಗಾಲ್ಫ್‌ನ ಗುರಿ. ಗಾಲ್ಫ್‌ನಲ್ಲಿ ಚೆಂಡನ್ನು ಕೋಲಿನಿಂದ ಹೊಡೆದು ಕುಳಿಗೆ ಬೀಳಿಸುವಂತೆ, ಇಲ್ಲಿ ಸುಮಾರು ಗೇಣಗಲದ ಪ್ಲಾಸ್ಟಿಕ್ ತಟ್ಟೆಯನ್ನು ಕೈಯಿಂದ ಎಸೆದು ಬುಟ್ಟಿಗೆ ಬೀಳಿಸಬೇಕು. ತಟ್ಟೆ ಬಿದ್ದಲ್ಲಿಂದಲೇ ಮುಂದಿನ ಎಸೆತ. ಕಡಿಮೆ ಎಸೆತಗಳಲ್ಲಿ ಕೋರ್ಸ್‌ನ 9 ಅಥವಾ 18 ಬುಟ್ಟಿಗಳನ್ನು ಮುಗಿಸಿದವನು ಗೆದ್ದಂತೆ.

ನಿಯಮ ಇಷ್ಟು ಸರಳ. ಆದರೆ ಬುಟ್ಟಿಯನ್ನು ಎಲ್ಲಿ ನೆಡಬೇಕು, ಎಸೆಯುವವನನ್ನು ಎಲ್ಲಿ ನಿಲ್ಲಿಸಬೇಕು, ನಡುವೆ ಯಾವ ಮರವನ್ನು ಉಳಿಸಬೇಕು ಎನ್ನುವುದು ಕಳೆದ ಐವತ್ತು ವರ್ಷಗಳಲ್ಲಿ ತನ್ನದೇ ಆದ ಒಂದು ವಿದ್ಯೆಯಾಗಿ ಬೆಳೆದಿದೆ. ಅದನ್ನು ಬೆಳೆಸಿದ್ದು ಮೂರು ಸಂಗತಿಗಳು: ಗುರಿ ಬದಲಾದದ್ದು, ತಟ್ಟೆ ಬದಲಾದದ್ದು, ಮತ್ತು ಈ ಆಟ ನಡೆಯುವ ನೆಲ ಆಟಗಾರರದಷ್ಟೇ ಅಲ್ಲ, ಎಲ್ಲರದೂ ಆಗಿರುವುದು.

ಗುರಿ ಸಿಕ್ಕಲ್ಲಿ ಆಟ

ಆರಂಭದಲ್ಲಿ ವಿನ್ಯಾಸ ಎಂಬುದೇ ಇರಲಿಲ್ಲ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಬ್ಲ್ಯಾಡ್‌ವರ್ತ್ ಎಂಬ ಸಣ್ಣ ಊರಿನ ಶಾಲಾಮಕ್ಕಳು 1926ರ ಸುಮಾರಿಗೆ ಡಬ್ಬಿಯ ತಗಡಿನ ಮುಚ್ಚಳಗಳನ್ನು ನೆಲದ ಮೇಲೆ ಬರೆದ ವೃತ್ತಗಳೊಳಗೆ ಎಸೆದು ಆಡುತ್ತಿದ್ದರು. ನಮ್ಮ ಹುಡುಗರು ಚಿಣಿಫಣಿಗೆ ಕುಳಿ ತೋಡಿಕೊಳ್ಳುವ ಹಾಗೆ, ಆಡಬೇಕೆನಿಸಿದಾಗ ಕಣ ಹುಟ್ಟುತ್ತಿತ್ತು, ಆಟ ಮುಗಿದಾಗ ಅಳಿಸಿಹೋಗುತ್ತಿತ್ತು.

1957ರಲ್ಲಿ ವ್ಯಾಮ್-ಓ ಕಂಪನಿ ಫ್ರೆಡ್ ಮಾರಿಸನ್ ರೂಪಿಸಿದ ಹಾರುವ ತಟ್ಟೆಯನ್ನು ಮಾರುಕಟ್ಟೆಗೆ ತಂದು, ಅದೇ ವರ್ಷ ಅದಕ್ಕೆ ಫ್ರಿಸ್ಬೀ ಎಂದು ಹೆಸರಿಟ್ಟಿತು. ಅಲ್ಲಿಂದ ಮುಂದೆ ಅಮೆರಿಕದ ಹಲವು ಕಡೆ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿಲ್ಲದೆ, ಜನ ಅದನ್ನು ಗಾಲ್ಫ್‌ನಂತೆ ಆಡತೊಡಗಿದರು. ಮರದ ಬೊಡ್ಡೆ, ದೀಪದ ಕಂಬ, ಕಸದ ಡಬ್ಬಿ, ನೀರಿನ ಕೊಳಾಯಿ, ಏನು ಸಿಕ್ಕರೆ ಅದೇ ಗುರಿ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಜಿಮ್ ಪಾಮೆರಿ ಮತ್ತು ಗೆಳೆಯರು 1970ರಿಂದ ಹೀಗೆ ನಿಯಮಿತವಾಗಿ ಆಡುತ್ತಿದ್ದರು. ತಮ್ಮಂತೆ ಬೇರೆಯವರೂ ಆಡುತ್ತಾರೆಂದು ತಿಳಿದ ಮೇಲೆ 1974ರಲ್ಲಿ ಅವರು ಒಂದು ಮುಕ್ತ ಪಂದ್ಯಾವಳಿಯನ್ನೇ ನಡೆಸಿದರು. ಬಹುಮಾನ ಒಂದು ಹೊಸ ಡಾಟ್ಸನ್ ಕಾರು.

ಈ ಹಂತದ ಕೋರ್ಸ್‌ಗಳಿಗೆ ಒಂದು ಗುಣವಿತ್ತು. ಉದ್ಯಾನದಲ್ಲಿ ಮೊದಲೇ ಇದ್ದ ಮರ, ದಾರಿ, ಇಳಿಜಾರುಗಳನ್ನು ಕಣ್ಣಿನಿಂದ ಅಳೆದು ಆಟಗಾರರೇ ಹೋಲ್‌ಗಳನ್ನು (ಎಸೆಯುವ ಜಾಗದಿಂದ ಗುರಿಯವರೆಗಿನ ದಾರಿಗೆ ಗಾಲ್ಫ್‌ನಂತೆ ಇಲ್ಲೂ ಹೋಲ್ ಎಂದೇ ಹೆಸರು) ಗುರುತಿಸಿಕೊಳ್ಳುತ್ತಿದ್ದರು. ನೆಲಕ್ಕೆ ಏನನ್ನೂ ಸೇರಿಸುತ್ತಿರಲಿಲ್ಲ. ಒಂದು ತೊಂದರೆಯೂ ಇತ್ತು. ತಟ್ಟೆ ಗುರಿಗೆ ತಾಗಿತೋ ಇಲ್ಲವೋ ಎಂಬ ಜಗಳ. ಮರದ ತೊಗಟೆಗೆ ಸವರಿಕೊಂಡು ಹೋದದ್ದನ್ನು ಎಸೆದವನು ತಾಗಿತು ಎನ್ನುತ್ತಿದ್ದ, ಎದುರಾಳಿ ಇಲ್ಲ ಎನ್ನುತ್ತಿದ್ದ.

ಓಕ್ ಗ್ರೋವ್ ಮತ್ತು ಬುಟ್ಟಿ

ಈ ಜಗಳಕ್ಕೆ ತೆರೆ ಎಳೆದವರು ಎಡ್ ಹೆಡ್ರಿಕ್. ವ್ಯಾಮ್-ಓ ಕಂಪನಿಯಲ್ಲಿದ್ದಾಗ ಫ್ರಿಸ್ಬೀಯ ಮೇಲೆ ಉಂಗುರದಂಥ ಗೆರೆಗಳನ್ನು ಮೂಡಿಸಿ ಅದರ ಹಾರಾಟವನ್ನು ಸ್ಥಿರಗೊಳಿಸಿದವರೂ ಅವರೇ. 1975ರಲ್ಲಿ ಲಾಸ್ ಏಂಜಲೀಸ್ ಹತ್ತಿರದ ಲಾ ಕನ್ಯಾಡ ಫ್ಲಿಂಟ್ರಿಜ್‌ನಲ್ಲಿ, ಓಕ್ ಗ್ರೋವ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ ಅವರು ಜಗತ್ತಿನ ಮೊದಲ ಕಾಯಂ ಡಿಸ್ಕ್ ಗಾಲ್ಫ್ ಕೋರ್ಸ್ ಹಾಕಿಸಿದರು. ಮೊದಲು ಅಲ್ಲಿದ್ದುದು ಬರಿಯ ಕಂಬಗಳು. ಸ್ವಲ್ಪ ಕಾಲದಲ್ಲೇ ಹೆಡ್ರಿಕ್ ಮತ್ತು ಅವರ ಮಗ ಕೆನ್ ಕಂಬಕ್ಕೆ ಬುಟ್ಟಿಯನ್ನೂ ಸರಪಳಿಯನ್ನೂ ಜೋಡಿಸಿದರು. ಜೋರಾಗಿ ಬಂದ ತಟ್ಟೆಯ ವೇಗವನ್ನು ಸರಪಳಿ ನುಂಗುತ್ತದೆ, ತಟ್ಟೆ ಕೆಳಗಿನ ಬುಟ್ಟಿಗೆ ಬೀಳುತ್ತದೆ. ಈ ಸಾಧನಕ್ಕೆ 1977ರಲ್ಲಿ ಪೇಟೆಂಟ್ ಸಿಕ್ಕಿತು. 1976ರಲ್ಲಿ ವೃತ್ತಿಪರ ಆಟಗಾರರ ಸಂಘವಾದ ಪಿಡಿಜಿಎಯನ್ನು ಕಟ್ಟಿದವರೂ ಹೆಡ್ರಿಕ್ಕೇ.

ಬುಟ್ಟಿ ಬಂದದ್ದು ತೀರ್ಪಿನ ಅನುಕೂಲಕ್ಕಾದರೂ ಅದು ವಿನ್ಯಾಸದ ದಾರಿಯನ್ನೇ ತಿರುಗಿಸಿತು. ಮರ ಎಲ್ಲಿದೆಯೋ ಅಲ್ಲೇ ಗುರಿ ಎಂಬ ಕಟ್ಟು ಕಳಚಿತು. ಗುಡ್ಡದ ನೆತ್ತಿ, ಹಳ್ಳದ ದಂಡೆ, ಎರಡು ಮರಗಳ ಸಂದು, ಬಯಲಿನ ನಟ್ಟನಡುವೆ, ಎಲ್ಲಿ ಬೇಕಾದರೂ ಗುರಿ ನೆಡಬಹುದಾಯಿತು. ಅಲ್ಲಿಯವರೆಗೆ ಗುರಿಯಾಗಿದ್ದ ಮರ ಈಗ ಅಡ್ಡಿಯ ಪಾತ್ರ ವಹಿಸಿಕೊಂಡಿತು.

ಕಂಬ, ಬುಟ್ಟಿ, ಸರಪಳಿ ಇಷ್ಟೇ ಖರ್ಚು ಎಂದಾದಾಗ ನಗರಸಭೆಗಳು ಇದನ್ನು ಒಪ್ಪಿಕೊಳ್ಳುವುದು ಸುಲಭವಾಯಿತು. ಕ್ಯಾಲಿಫೋರ್ನಿಯಾದಿಂದ ಇತರ ರಾಜ್ಯಗಳ ಉದ್ಯಾನಗಳಿಗೆ ಆಟ ಹಬ್ಬಿತು. ಕ್ಯಾಲಿಫೋರ್ನಿಯಾದ್ದೇ ಆದ ಸಾಂತಾ ಕ್ರೂಜ್‌ನಲ್ಲಿ 1984ರಲ್ಲಿ ಆರಂಭವಾದ ಡೆಲವೇಗ ಕೋರ್ಸ್ ಆ ಪೀಳಿಗೆಯ ಒಳ್ಳೆಯ ಮಾದರಿ. ಕಡಿದಾದ ಕಾಡುಗುಡ್ಡದಲ್ಲಿ ಮರ ಮತ್ತು ಕೊರಕಲುಗಳ ನಡುವೆ ಸಾಗುವ ಅದರ ಕೊನೆಯ ಹೋಲ್‌ನಲ್ಲಿ, ಎತ್ತರದ ಜಾಗದಲ್ಲಿ ನಿಂತು ಕೆಳಗಿನ ಬುಟ್ಟಿಯತ್ತ ಎಸೆಯುವವನ ಕಣ್ಣಿಗೆ ದೂರದ ಪೆಸಿಫಿಕ್ ಸಾಗರ ಕಾಣುತ್ತದೆ.

ತಟ್ಟೆ ಚೂಪಾದಾಗ

ಮೊದಲ ಕೋರ್ಸ್‌ಗಳ ಹೋಲ್‌ಗಳು ಹೆಚ್ಚಾಗಿ ನೂರು ಮೀಟರಿಗಿಂತ ಚಿಕ್ಕವು. ದಪ್ಪ ಅಂಚಿನ ಫ್ರಿಸ್ಬೀಯನ್ನು ಅದಕ್ಕಿಂತ ದೂರ ಎಸೆಯುವವರು ವಿರಳ. 1983ರಲ್ಲಿ ಡೇವ್ ಡ್ಯುನಿಪೇಸ್ ಅಂಚನ್ನು ಇಳಿಜಾರಾಗಿ ಚೂಪು ಮಾಡಿದ ತಟ್ಟೆಯನ್ನು ರೂಪಿಸಿದರು. ಅದೇ ವರ್ಷ ಹುಟ್ಟಿದ ಇನ್ನೋವಾ ಕಂಪನಿ ಅದನ್ನು ಮಾರಿತು. ಈ ತಟ್ಟೆ ಗಾಳಿಯನ್ನು ಸೀಳಿಕೊಂಡು ಹೋಗುತ್ತಿತ್ತು. ಒಂದೆರಡು ವರ್ಷಗಳಲ್ಲೇ ಹಳೆಯ ಕೋರ್ಸ್‌ಗಳು ಒಳ್ಳೆಯ ಆಟಗಾರರಿಗೆ ಸಾಲದಾದವು. ಎರಡು ಎಸೆತ ಬೇಕಿದ್ದ ಕಡೆ ಒಂದೇ ಎಸೆತದಲ್ಲಿ ಬುಟ್ಟಿಯ ಬಳಿ ಇಳಿಸತೊಡಗಿದರು. ಎಸೆತದ ದೂರ ಮುಂದೆ ಎಲ್ಲಿಗೆ ಹೋಯಿತೆಂದರೆ, 2016ರಲ್ಲಿ ನೆವಾಡದ ಮರುಭೂಮಿಯಲ್ಲಿ ಡೇವಿಡ್ ವಿಗಿನ್ಸ್ ಜೂನಿಯರ್ ಗಾಳಿಯ ಬೆನ್ನು ಹಿಡಿದು 338 ಮೀಟರ್ ಎಸೆದರು.

ಇದಕ್ಕೆ ವಿನ್ಯಾಸಕರು ಕೊಟ್ಟ ಮೊದಲ ಉತ್ತರ ಉದ್ದ ಹೆಚ್ಚಿಸುವುದು. ಎರಡನೆಯ ಮತ್ತು ಹೆಚ್ಚು ಜಾಣ ಉತ್ತರ, ಒಂದೇ ಹೋಲ್‌ಗೆ ಎರಡು ಮೂರು ಎಸೆಕಟ್ಟೆಗಳನ್ನು, ಎಂದರೆ ನಿಂತು ಎಸೆಯುವ ಕಟ್ಟೆಗಳನ್ನು, ಕಟ್ಟಿ, ಹೊಸಬರಿಗೆ ಹತ್ತಿರದ್ದನ್ನೂ ಪಳಗಿದವರಿಗೆ ದೂರದ್ದನ್ನೂ ಕೊಡುವುದು. ಆಟಗಾರರ ಮಟ್ಟಕ್ಕೆ ತಕ್ಕಂತೆ ಕಟ್ಟೆಗಳನ್ನು ಬಣ್ಣಗಳಿಂದ ಗುರುತಿಸುವ ಪದ್ಧತಿಯನ್ನು ಪಿಡಿಜಿಎ ಮಾರ್ಗಸೂಚಿಗಳು ನೆಲೆಗೊಳಿಸಿದವು. ಮೂರನೆಯ ಉತ್ತರ ಎಲ್ಲಕ್ಕಿಂತ ಆಳವಾದದ್ದು: ದೂರವನ್ನಲ್ಲ, ತಟ್ಟೆಯ ದಾರಿಯನ್ನು ಪರೀಕ್ಷಿಸುವುದು.

ಒಂದು ಹೋಲ್‌ನ ಒಳಗುಟ್ಟು

ಬಲಗೈಯವನೊಬ್ಬ ಎದೆಯ ಎಡಗಡೆಗೆ ತಟ್ಟೆಯನ್ನು ಎಳೆದುಕೊಂಡು ಬೀಸಿ ಎಸೆದನೆನ್ನಿ. ಮೇಲಿನಿಂದ ನೋಡಿದರೆ ತಟ್ಟೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಗಿರಗಿರ ಸುತ್ತುತ್ತದೆ. ವೇಗ ಇರುವಷ್ಟು ಹೊತ್ತು ನೆಟ್ಟಗೆ, ಇಲ್ಲವೇ ಕೊಂಚ ಬಲಕ್ಕೆ ಹೋಗುತ್ತದೆ. ವೇಗ ಕುಗ್ಗಿದಂತೆ ಎಡಕ್ಕೆ ವಾಲಿ ಇಳಿಯುತ್ತದೆ. ಅದೇ ಬಲಗೈಯಿಂದ, ಕೆರೆಯಲ್ಲಿ ಕಪ್ಪೆ ಹಾರಿಸಲು ಬಿಲ್ಲೆಗಲ್ಲು ಬೀಸುವಾಗಿನ ಭಂಗಿಯಲ್ಲಿ ಎಸೆದರೆ ಎಲ್ಲವೂ ತಿರುಗುಮುರುಗು. ಎಡಗೈಯವನಿಗೂ ಹಾಗೆಯೇ.

ವಿನ್ಯಾಸಕ ಇದನ್ನು ತಲೆಯಲ್ಲಿಟ್ಟುಕೊಂಡೇ ನೆಲ ನೋಡುತ್ತಾನೆ. ಹದಿನೆಂಟು ಹೋಲ್‌ಗಳೂ ಎಡಕ್ಕೇ ಬಾಗಿದರೆ ಬಲಗೈಯ ಬೀಸೆಸೆತದವನಿಗೆ ಹಬ್ಬ, ಉಳಿದವರಿಗೆ ಶಿಕ್ಷೆ. ಹಾಗಾಗಿ ಎಡಬಾಗು, ಬಲಬಾಗು, ನೇರ ಓಟ ಇವುಗಳ ಲೆಕ್ಕ ಸರಿದೂಗಬೇಕು. ಏರು, ಇಳಿಕೆ, ಸಮನೆಲ ಬೆರೆತಿರಬೇಕು. ಒಂದೆರಡು ಹೋಲ್‌ಗಳಲ್ಲಿ ಕೊಂಬೆಗಳು ತಗ್ಗಾಗಿ ಬಂದು, ತಟ್ಟೆಯನ್ನು ಎತ್ತರಕ್ಕೆ ಬಿಡದೆ ನೆಲ ಸವರುವಂತೆ ಎಸೆಯಬೇಕಾಗುತ್ತದೆ.

ಈಗ ಒಂದೇ ಹೋಲ್ ತೆಗೆದುಕೊಳ್ಳೋಣ. ಎಸೆಕಟ್ಟೆಯಿಂದ ಎದುರಿಗೆ ಎರಡು ಮರಗಳ ನಡುವೆ ಸ್ಪಷ್ಟವಾದ ಒಂದು ಸಂದು. ಅದರಾಚೆ ತೆರೆದ ಹುಲ್ಲುನೆಲ, ಅಲ್ಲಿಂದ ದಾರಿ ಬಲಕ್ಕೆ ತಿರುಗಿ ಬುಟ್ಟಿಯತ್ತ ಹೋಗುತ್ತದೆ. ಬುಟ್ಟಿಯ ಹಿಂಬದಿಯಲ್ಲಿ ನೆಲ ಇಳಿಜಾರು. ಎಚ್ಚರಿಕೆಯ ಆಟಗಾರ ಮೊದಲ ಎಸೆತವನ್ನು ಹುಲ್ಲುನೆಲದಲ್ಲಿ ಇಳಿಸಿ, ಎರಡನೆಯದನ್ನು ಬುಟ್ಟಿಯ ಕೆಳಗೆ ಮಲಗಿಸಿ, ಮೂರರಲ್ಲಿ ಮುಗಿಸುತ್ತಾನೆ. ಧೈರ್ಯಸ್ಥ ಬಲದ ಮರಗಳ ತಲೆಯ ಮೇಲಿಂದ ನೇರ ಬುಟ್ಟಿಗೆ ಎಸೆದು ಎರಡರಲ್ಲಿ ಮುಗಿಸಲು ನೋಡುತ್ತಾನೆ. ತಪ್ಪಿದರೆ ಕಾಡಿನೊಳಗೆ. ಹತ್ತು ಮೀಟರ್ ದೂರದಿಂದ ಬುಟ್ಟಿಗೆ ಹಾಕುವಾಗಲೂ ಅದೇ ಯೋಚನೆ: ಜೋರಾಗಿ ಹಾಕಿ ಸರಪಳಿ ತಪ್ಪಿದರೆ ತಟ್ಟೆ ಇಳಿಜಾರಿಗೆ ಉರುಳಿ, ಮತ್ತೆ ಹದಿನೈದು ಮೀಟರ್ ದೂರ. ಒಂದೇ ಒಂದು ಇಳಿಜಾರು, ಒಂದೇ ಒಂದು ಸಂದು ಆಟಗಾರನಿಂದ ಹಲವು ನಿರ್ಧಾರಗಳನ್ನು ಕೇಳಿತು. ಒಳ್ಳೆಯ ಹೋಲ್ ಎಂದರೆ ಇದೇ.

ಕೆಟ್ಟ ಹೋಲ್ ಯಾವುದು? ಎಲ್ಲಿ ಎಸೆದರೂ ಯಾವುದಾದರೂ ಮರಕ್ಕೆ ತಾಗುವ, ಸಂದೇ ಇಲ್ಲದ ದಟ್ಟಣೆ. ಅಲ್ಲಿ ಕೌಶಲಕ್ಕೂ ಫಲಕ್ಕೂ ಸಂಬಂಧ ಇರುವುದಿಲ್ಲ. ಅದಕ್ಕೆ ತದ್ವಿರುದ್ಧವಾಗಿ, ಬಟಾಬಯಲಿನಲ್ಲಿ ಎಲ್ಲರೂ ಮೂರರಲ್ಲೇ ಮುಗಿಸುವ ಹೋಲ್ ಕೂಡ ಅಷ್ಟೇ ನಿಷ್ಪ್ರಯೋಜಕ. ಟೆಕ್ಸಾಸ್‌ನ ಜಾನ್ ಹೌಕ್ ಅವರಂಥ ವಿನ್ಯಾಸಕರು ಇದನ್ನೇ ಪೂರ್ಣಾವಧಿಯ ವೃತ್ತಿಯಾಗಿಸಿಕೊಂಡ ಮೇಲೆ ಇಂಥ ವಿವೇಚನೆ ಬಾಯಿಮಾತಿನಿಂದ ಶಾಸ್ತ್ರಕ್ಕೆ ಬಂತು. ಆಟಗಾರರಿಗೆ ಅಂಕದ ಶ್ರೇಣಿ ಕೊಡುವ ಪದ್ಧತಿ ಬಂದಮೇಲೆ, ಸಮಾನ ಮಟ್ಟದವರು ಒಂದು ಹೋಲ್‌ನಲ್ಲಿ ಎರಡು, ಮೂರು, ನಾಲ್ಕು ಎಸೆತಗಳಲ್ಲಿ ಹೇಗೆ ಹಂಚಿಹೋಗುತ್ತಾರೆ ಎಂಬುದನ್ನು ಲೆಕ್ಕ ಹಾಕಿಯೇ ಹೋಲ್ ಸರಿಯಿದೆಯೋ ಇಲ್ಲವೋ ಹೇಳಬಹುದಾಯಿತು.

ಹಗ್ಗ ಕಟ್ಟಿದ ಬಯಲು

ಕಾಡಿಲ್ಲದ ಕಡೆ ಏನು ಮಾಡಬೇಕು? ದಕ್ಷಿಣ ಕೆರೊಲೈನಾದ ರಾಕ್ ಹಿಲ್‌ನಲ್ಲಿ, ವಿನ್‌ತ್ರಾಪ್ ವಿಶ್ವವಿದ್ಯಾಲಯದ ಕೆರೆಯಂಗಳದಲ್ಲಿ 1999ರಿಂದ ನಡೆಯುತ್ತಿರುವ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇದಕ್ಕೊಂದು ದಾರಿ ತೋರಿಸಿತು. ಹುಲ್ಲಿನ ಮೇಲೆ ಹಳದಿ ಹಗ್ಗ ಹಾಸಿ, ಅದರಾಚೆ ಬಿದ್ದರೆ ದಂಡ ಎಂದು ಸಾರಿದರು. ಖಾಲಿ ಬಯಲಿನಲ್ಲೇ ಕಾಣದ ಗೋಡೆಗಳು ಎದ್ದವು.

ಈ ಹಗ್ಗದ ವಿನ್ಯಾಸದ ಬಗ್ಗೆ ಆಟಗಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಮರ, ನೀರು, ಇಳಿಜಾರು ಕೊಡುವ ಅಡ್ಡಿ ಸಹಜವಾದದ್ದು, ಹಗ್ಗದ್ದು ಕಾಗದದ ಮೇಲಿನ ಅಡ್ಡಿ ಎನ್ನುವವರು ಒಂದು ಕಡೆ. ಹಗ್ಗಕ್ಕೆ ಮರ ಬೆಳೆಯುವಷ್ಟು ಕಾಲ ಬೇಡ, ಪಂದ್ಯ ಮುಗಿದ ದಿನವೇ ಸುತ್ತಿಟ್ಟು ಉದ್ಯಾನವನ್ನು ಜನರಿಗೆ ಬಿಟ್ಟುಕೊಡಬಹುದು ಎನ್ನುವವರು ಇನ್ನೊಂದು ಕಡೆ. ಎರಡನೆಯ ಮಾತಿನಲ್ಲಿ ಹುರುಳಿದೆ, ಆದರೆ ಮೊದಲ ಮಾತು ಆಟದ ಹುಟ್ಟುಗುಣಕ್ಕೆ ಹೆಚ್ಚು ಹತ್ತಿರ.

ಉದ್ಯಾನ ಎಲ್ಲರದು

ಗಾಲ್ಫ್ ಕೋರ್ಸ್‌ಗೂ ಡಿಸ್ಕ್ ಗಾಲ್ಫ್ ಕೋರ್ಸ್‌ಗೂ ದೊಡ್ಡ ವ್ಯತ್ಯಾಸ ಇಲ್ಲಿದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಮೂಲ ಗಾಲ್ಫ್ ನೆಲವೂ ಕಡಲತೀರದ ಮರಳುದಿಬ್ಬಗಳ ಹುಲ್ಲುಗಾವಲೇ ಆಗಿತ್ತು. 22 ಇದ್ದ ಹೋಲ್‌ಗಳನ್ನು 1764ರಲ್ಲಿ 18ಕ್ಕೆ ಇಳಿಸಿದ್ದು ಅಲ್ಲಿಯೇ. ಆ ಸಂಖ್ಯೆಯನ್ನು ಡಿಸ್ಕ್ ಗಾಲ್ಫ್ ಕೂಡ ಎರವಲು ತಂದಿತು. ಆದರೆ ಗಾಲ್ಫ್ ಜಗತ್ತಿಗೆ ಹರಡುವಾಗ ಆ ಹುಲ್ಲು ಬೆಳೆಯದ ಕಡೆಯೂ ಹುಲ್ಲು ಬೆಳೆಸುವ ಹಟ ಹಿಡಿಯಿತು. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್‌ನಿಂದ ಹಿಡಿದು ಇತ್ತೀಚಿನ ರೆಸಾರ್ಟ್‌ಗಳವರೆಗೆ ನಮ್ಮ ರಾಜ್ಯದಲ್ಲೂ ಅದರ ಲೆಕ್ಕಾಚಾರ ಒಂದೇ: ವಿಶಾಲ ಜಾಗ, ನಿತ್ಯ ನೀರು, ಕತ್ತರಿಸಿದ ಹುಲ್ಲು, ಸದಸ್ಯರಿಗೆ ಇಲ್ಲವೇ ಹಣ ತೆತ್ತವರಿಗೆ ಪ್ರವೇಶ. ಡಿಸ್ಕ್ ಗಾಲ್ಫ್‌ಗೆ ಹೋಲ್‌ಗೆ ಸರಾಸರಿ ಒಂದೆಕರೆ ಸಾಕು. ಹೊಸಬರ 9 ಹೋಲ್‌ಗಳ ಕೋರ್ಸ್ ಇನ್ನೂ ಕಡಿಮೆಯಲ್ಲಿ ಮುಗಿಯುತ್ತದೆ. ಹುಲ್ಲು ಹಸಿರಾಗಿರಲೇಬೇಕೆಂದಿಲ್ಲ.

ಆದರೆ ಬೇಲಿ ಇಲ್ಲದ ನೆಲದಲ್ಲಿ ಆಡುವವರಿಗೆ ಬೇರೆ ಹೊಣೆಯಿದೆ. ವೇಗವಾಗಿ ಬರುವ 170 ಗ್ರಾಮಿನ ಗಟ್ಟಿ ತಟ್ಟೆ ತಲೆಗೆ ಬಡಿದರೆ ಗಾಯವಾಗುತ್ತದೆ. ಆದ್ದರಿಂದ ಎಸೆತದ ದಾರಿ ನಡಿಗೆಯ ದಾರಿಯನ್ನು ದಾಟಬಾರದು. ಮಕ್ಕಳ ಆಟದ ಜಾಗ, ರಸ್ತೆ, ಬೆಂಚುಗಳ ಕಡೆಗೆ ತಟ್ಟೆ ವಾಲುವಂತೆ ಹೋಲ್ ಇರಬಾರದು. ತಟ್ಟೆ ಸಾಮಾನ್ಯವಾಗಿ ಎತ್ತ ತಪ್ಪುತ್ತದೆ ಎಂದು ತಿಳಿದವನು ಆ ಬದಿಯಲ್ಲಿ ಖಾಲಿ ನೆಲ ಬಿಡುತ್ತಾನೆ. ಒಂದು ಬುಟ್ಟಿ ಮುಗಿಸಿದಲ್ಲಿಂದ ಮುಂದಿನ ಎಸೆಕಟ್ಟೆ ಹತ್ತಿರದಲ್ಲಿರಬೇಕು, ಆದರೆ ಆ ಬುಟ್ಟಿಗೆ ಎಸೆಯುವವರ ಸಾಲಿನಲ್ಲಿ ಇರಬಾರದು.

ನೆಲದ್ದೂ ಒಂದು ಮಾತಿದೆ. ಎಸೆಕಟ್ಟೆ ಮತ್ತು ಬುಟ್ಟಿಯ ಸುತ್ತ ಸಾವಿರಾರು ಕಾಲುಗಳು ತುಳಿದು ಹುಲ್ಲು ಸತ್ತು ಮಣ್ಣು ಗಟ್ಟಿಯಾಗುತ್ತದೆ, ಮಳೆಗೆ ಕೊಚ್ಚಿ ಹೋಗಿ ಬೇರು ಹೊರಬೀಳುತ್ತದೆ, ಎಳೆಮರಗಳ ತೊಗಟೆ ತಟ್ಟೆಯ ಏಟಿಗೆ ಸುಲಿಯುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರಗಳು ಸರಳ: ಎಸೆಯುವ ಜಾಗಕ್ಕೆ ಒಂದೂವರೆ ಎರಡು ಮೀಟರ್ ಅಗಲ, ಮೂರು ನಾಲ್ಕು ಮೀಟರ್ ಉದ್ದದ ಕಾಂಕ್ರೀಟ್ ಕಟ್ಟೆ. ಪ್ರತಿ ಬುಟ್ಟಿಗೂ ಎರಡು ಮೂರು ಗುಣಿಗಳನ್ನು ಮಾಡಿಟ್ಟು ಆಗಾಗ ಸ್ಥಾನ ಬದಲಿಸಿ ಹಳೆಯ ಜಾಗಕ್ಕೆ ಉಸಿರಾಡಲು ಬಿಡುವುದು. ತುಳಿತದ ಜಾಗಕ್ಕೆ ಮರದ ಚಕ್ಕೆ ಹರಡುವುದು. ಎಸೆಕಟ್ಟೆಯ ಹತ್ತಿರದ ಎಳೆಮರಕ್ಕೆ ಕಾವಲು ಕಂಬ.

ಈ ಹೊಣೆಯನ್ನು ವ್ಯವಸ್ಥಿತವಾಗಿ ಹೊತ್ತ ದೇಶ ಫಿನ್ಲೆಂಡ್. ಅಲ್ಲಿ ಕೋರ್ಸ್‌ಗಳ ಸಂಖ್ಯೆ ಸಾವಿರ ದಾಟಿದೆ. ಬಹುಪಾಲು ಪುರಸಭೆಗಳು ಸಾರ್ವಜನಿಕ ಹಣದಲ್ಲಿ ಹಾಕಿಸಿದವು, ಉಚಿತವಾಗಿ ಆಡಬಹುದಾದವು. ಜುಸ್ಸಿ ಮೆರೆಸ್ಮಾ ಮತ್ತು ಅವರ ಡಿಸ್ಕ್‌ಗಾಲ್ಫ್‌ಪಾರ್ಕ್ ತಂಡ ಕೋರ್ಸ್‌ಗಳನ್ನು ಹೊಸಬರದು, ಹವ್ಯಾಸಿಗಳದು, ಪಂದ್ಯದ್ದು ಎಂದು ವರ್ಗ ಮಾಡಿ, ಫಲಕ, ಕಟ್ಟೆ, ಸುರಕ್ಷತೆಯ ಅಂತರ ಎಲ್ಲವನ್ನೂ ಒಂದೇ ಅಳತೆಗೆ ತಂದಿತು. ಜನಸಂಖ್ಯೆಗೆ ಎಷ್ಟು ಕೋರ್ಸ್ ಎಂಬ ಲೆಕ್ಕದಲ್ಲಿ ಐಸ್‌ಲೆಂಡ್ ಫಿನ್ಲೆಂಡನ್ನೂ ಮೀರಿಸುತ್ತದೆ. 2020ರ ಕೊರೊನಾ ಕಾಲದಲ್ಲಿ ಬಯಲಿನಲ್ಲಿ ದೂರ ನಿಂತು ಆಡಬಹುದಾದ ಆಟವೆಂದು ಎಲ್ಲೆಡೆ ಆಟಗಾರರು ಏರಿದರು, ಕೋರ್ಸ್‌ಗಳೂ ಏರಿದವು.

ಎರೆ, ಮಸಾರಿ, ಗಾಳಿ

ಈ ಐವತ್ತು ವರ್ಷಗಳ ಪಾಠವನ್ನು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಗದಗ-ಬೆಟಗೇರಿ ಸೀಮೆಯ ನೆಲಕ್ಕೆ ಇಟ್ಟು ನೋಡಿದರೆ ಏನು ಕಾಣುತ್ತದೆ? ಮಳೆ ಕಡಿಮೆ, ಹುಲ್ಲಿನ ಗಾಲ್ಫ್ ಇಲ್ಲಿಗೆ ಹೊಂದುವುದೇ ಇಲ್ಲ. ಆದರೆ ನೆಲವನ್ನು ಇದ್ದ ಹಾಗೇ ಬಳಸುವ ಆಟಕ್ಕೆ ತಡೆಯಿಲ್ಲ.

ಮೊದಲು ಮಣ್ಣು. ಲಕ್ಷ್ಮೇಶ್ವರದ ಸುತ್ತಲಿನ ಎರೆಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಯಾದರೆ ಕಾಲಿಗೆ ಸೇರುಗಟ್ಟಲೆ ಅಂಟುತ್ತದೆ. ಹಿಗ್ಗಿ ಕುಗ್ಗುವ ಆ ಮಣ್ಣಿನ ಮೇಲೆ ನೇರವಾಗಿ ಹಾಕಿದ ಕಾಂಕ್ರೀಟ್ ಕಟ್ಟೆ ಸೀಳುತ್ತದೆ. ಕೆಳಗೆ ಗರಸಿನ ಹಾಸು ಬೇಕೇ ಬೇಕು. ಗುಡ್ಡದ ಕಡೆಯ ಮಸಾರಿ ನೆಲ ಇದಕ್ಕಿಂತ ವಾಸಿ, ನೀರು ಬೇಗ ಬಸಿಯುತ್ತದೆ. ಆಮೇಲೆ ಗಾಳಿ. ಗದಗ ಸೀಮೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಎದುರುಗಾಳಿಯಲ್ಲಿ ತಟ್ಟೆ ಎದ್ದು ಪಲ್ಟಿ ಹೊಡೆಯುತ್ತದೆ, ಬೆನ್ನುಗಾಳಿಯಲ್ಲಿ ಬೇಗ ಕೆಳಗಿಳಿಯುತ್ತದೆ. ಮುಂಗಾರಿನ ಪಡುವಣ ಗಾಳಿಗೆ ಎಲ್ಲ ಹೋಲ್‌ಗಳೂ ಎದುರಾಗದಂತೆ ದಿಕ್ಕುಗಳನ್ನು ಹಂಚಬೇಕು. ಮರಗಳಲ್ಲಿ ಬೇವು ಮತ್ತು ಹುಣಸೆ ಒಳ್ಳೆಯ ಅಡ್ಡಿ, ಒಳ್ಳೆಯ ನೆರಳು. ಬಳ್ಳಾರಿ ಜಾಲಿಯ ಮೆಳೆ ಮಾತ್ರ ಬೇಡ, ಅದರೊಳಗೆ ಹೋದ ತಟ್ಟೆಯನ್ನು ತರಲು ಹೋದವನ ಕೈಕಾಲು ಉಳಿಯುವುದಿಲ್ಲ.

ಎಲ್ಲಿ ಹಾಕಬಾರದು ಎಂಬುದು ಇನ್ನೂ ಮುಖ್ಯ. ಏರಿಳಿತ, ಕುರುಚಲು ಕಾಡು, ನೋಟ ಎಲ್ಲ ಇರುವ ಕಪ್ಪತಗುಡ್ಡ ಯಾವ ವಿನ್ಯಾಸಕನ ಕಣ್ಣಿಗೂ ಆಸೆ ಹುಟ್ಟಿಸುತ್ತದೆ. ಆದರೆ ಜನ ಹೋರಾಡಿ ಉಳಿಸಿಕೊಂಡ ಆ ಗುಡ್ಡ 2019ರಿಂದ ವನ್ಯಜೀವಿಧಾಮ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ದಂಡೆಯೂ ಹಾಗೆಯೇ. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಆ ಕೆರೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂಬ ರಾಮ್ಸಾರ್ ಮಾನ್ಯತೆ ಬಂದಿದೆ. ದನ ಮೇಯುವ ಗೋಮಾಳವನ್ನೂ ಆಟಕ್ಕೆಂದು ಕಿತ್ತುಕೊಳ್ಳುವ ಹಾಗಿಲ್ಲ. ಉಳಿದದ್ದು ಕಾಲೇಜುಗಳ ಆವರಣ, ಪುರಸಭೆಯ ಉದ್ಯಾನ, ಗದಗ ಹತ್ತಿರದ ನಾಗಾವಿಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಂಥ ವಿಶಾಲ ಆವರಣಗಳು. ವಿದ್ಯಾರ್ಥಿಗಳು ಅಲ್ಲೇ ಇರುತ್ತಾರೆ, ಗಿಡ ಬೆಳೆಸುವ ಕೈಗಳೂ ಅಲ್ಲೇ ಇರುತ್ತವೆ.

ಇಂಥ ಯಾವುದಾದರೂ ಸಂಸ್ಥೆ ಮನಸ್ಸು ಮಾಡಿದರೆ ಒಂದು ವಿನಂತಿ. ಮೊದಲೇ ಬುಟ್ಟಿಗಳನ್ನು ತರಿಸಿ ಕಾಂಕ್ರೀಟಿನಲ್ಲಿ ಹೂಳಬೇಡಿ. ಒಂದು ವರ್ಷ ಬರಿಯ ಮರದ ಗೂಟಗಳನ್ನು ನೆಟ್ಟು ಆಡಿ. ಮುಂಗಾರಿನ ಕೆಸರಿನಲ್ಲಿ, ಹಿಂಗಾರಿನ ತಂಪಿನಲ್ಲಿ, ಏಪ್ರಿಲ್‌ನ ಬಿಸಿಲಿನಲ್ಲಿ ಜನ ಎಲ್ಲಿ ನಡೆಯುತ್ತಾರೆ, ನೀರು ಎಲ್ಲಿ ನಿಲ್ಲುತ್ತದೆ, ತಟ್ಟೆ ಎತ್ತ ತಪ್ಪುತ್ತದೆ ಎಂದು ಬರೆದಿಟ್ಟುಕೊಳ್ಳಿ. ಗೂಟವನ್ನು ಕಿತ್ತು ಬೇರೆಡೆ ನೆಡಲು ಐದು ನಿಮಿಷ ಸಾಕು, ತಪ್ಪಾಗಿ ಹೂತ ಕಬ್ಬಿಣದ ಕಂಬ ಹತ್ತು ವರ್ಷ ಅಲ್ಲೇ ಇರುತ್ತದೆ.